ಸಾವಿಲ್ಲದ ಮನುಷ್ಯ: ವಿಜ್ಞಾನದಿಂದ ಆಗುವ ಮಾತಾ?

ಪರ: ಮುಪ್ಪಿಗೂ ರಿಪೇರಿ ಇದೆ

ಮಗು ಹುಟ್ಟುವಾಗ ಅದರ ವಯಸ್ಸು ಸೊನ್ನೆ. ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಒಂದು ನಿಮಿಷ ನಿಂತು ಯೋಚಿಸಿ. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಅಂಡಗಳು ತಯಾರಾಗಿರುತ್ತವೆ. ಅಂದರೆ ಮೂವತ್ತು ವರ್ಷದ ಹೆಂಗಸು ತಾಯಿಯಾಗುವಾಗ ಆ ಅಂಡಕ್ಕೂ ಮೂವತ್ತು ತುಂಬಿರುತ್ತದೆ. ಮೂವತ್ತು ವರ್ಷದ ಜೀವಕೋಶದಿಂದ ಸೊನ್ನೆ ವರ್ಷದ ಮಗು ಹೇಗೆ ಬಂತು? ಎಲ್ಲೋ ಒಂದು ಕಡೆ ಗಡಿಯಾರ ಹಿಂದಕ್ಕೆ ತಿರುಗಿದೆ, ಅಲ್ವಾ? ಈ ಕೆಲಸ ನಮ್ಮ ದೇಹದೊಳಗೇ ನಡೆಯುತ್ತಿದೆ. ನಿಮ್ಮಿಂದ ನಿಮ್ಮ ತಾಯಿ, ಅವರಿಂದ ಅವರ ತಾಯಿ ಅಂತ ಹಿಂದಕ್ಕೆ ಹೋಗುತ್ತಾ ಇದ್ದರೆ ಮೊದಲ ಜೀವದ ತನಕ ಈ ಕೊಂಡಿ ಎಲ್ಲೂ ಕಡಿದಿಲ್ಲ. ಹಾಗಿರುವಾಗ ಮುಪ್ಪು ಪ್ರಕೃತಿಯ ನಿಯಮ, ಅದನ್ನು ಮುಟ್ಟೋಕಾಗಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆ ಗಡಿಯಾರವನ್ನು ಪ್ರಯೋಗಾಲಯದಲ್ಲೂ ತಿರುಗಿಸಿದ್ದಾರೆ. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಇಲಿಯ ಬೆಳೆದ ಜೀವಕೋಶಕ್ಕೆ ನಾಲ್ಕೇ ನಾಲ್ಕು ಜೀನ್ ಸೇರಿಸಿ ಅದನ್ನು ಭ್ರೂಣದ ಜೀವಕೋಶದ ಹಾಗೆ ಮಾಡಿ ತೋರಿಸಿದರು. ಮರುವರ್ಷ ಮನುಷ್ಯರ ಚರ್ಮದ ಜೀವಕೋಶದಲ್ಲೂ ಅದೇ ಆಯಿತು. 2012ರಲ್ಲಿ ಅವರಿಗೂ, ಇದೇ ವಿಷಯದಲ್ಲಿ ಮೊದಲೇ ಕೆಲಸ ಮಾಡಿದ್ದ ಜಾನ್ ಗರ್ಡನ್ ಅವರಿಗೂ ನೊಬೆಲ್ ಬಂತು. ವಯಸ್ಸಾದವರ ಜೀವಕೋಶದ ಮೇಲೂ ಈ ವಿಧಾನ ನಡೆಯುತ್ತದೆ. ಇದನ್ನು ಪೂರ್ತಿ ಮಾಡಿದರೆ ಜೀವಕೋಶ ತಾನು ಚರ್ಮವಾ, ಲಿವರಾ ಅನ್ನುವುದನ್ನೇ ಮರೆಯುತ್ತದೆ, ಅದು ಅಪಾಯ. ಅದಕ್ಕೇ ಈಗ ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ ನೋಡುತ್ತಿದ್ದಾರೆ. ಬೇಗ ಮುಪ್ಪಾಗುವ ಕಾಯಿಲೆ ಇದ್ದ ಇಲಿಗಳಿಗೆ ಹೀಗೆ ಮಾಡಿದಾಗ ಅವು ಜಾಸ್ತಿ ದಿನ ಬದುಕಿದವು ಅಂತ 2016ರಲ್ಲಿ ವರದಿ ಬಂತು.

ಇನ್ನೂ ಇವೆ. 1993ರಲ್ಲಿ ಸಿಂಥಿಯಾ ಕೆನ್ಯನ್ ಅವರ ತಂಡ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಒಂದೇ ಒಂದು ಜೀನ್ ಬದಲಾದರೆ ಆಯಸ್ಸು ಎರಡು ಪಟ್ಟಾಗುತ್ತದೆ ಅಂತ ತೋರಿಸಿತು. ಈಸ್ಟರ್ ದ್ವೀಪದ ಮಣ್ಣಿನಿಂದ ಸಿಕ್ಕ ರಾಪಮೈಸಿನ್ ಅನ್ನುವ ಔಷಧಿಯನ್ನು 600 ದಿನ ವಯಸ್ಸಿನ ಇಲಿಗಳಿಗೆ, ಅಂದರೆ ಆಗಲೇ ಮುದಿಯಾದ ಇಲಿಗಳಿಗೆ ಕೊಟ್ಟರು. ಅವುಗಳ ಆಯಸ್ಸೂ ಹೆಚ್ಚಿತು, ಇದು 2009ರ ಮಾತು. ನೀರಿನಲ್ಲಿರುವ ಹೈಡ್ರಾ ಅನ್ನುವ ಪುಟ್ಟ ಜೀವಿಗೆ ದಿನ ಕಳೆದಂತೆ ಸಾಯುವ ಸಂಭವ ಏರುವುದೇ ಇಲ್ಲ. ಗ್ರೀನ್‌ಲ್ಯಾಂಡ್ ಶಾರ್ಕಿನ ಗರಿಷ್ಠ ಆಯಸ್ಸು ಕಡಿಮೆ ಅಂದರೂ 272 ವರ್ಷ ಅಂತ ಅಂದಾಜಿದೆ. ಇಷ್ಟೇ ವರ್ಷ, ಇದಕ್ಕಿಂತ ಜಾಸ್ತಿ ಇಲ್ಲ ಅಂತ ಜೀವಿಗಳಿಗೆಲ್ಲ ಯಾರೂ ಒಂದೇ ಗೆರೆ ಎಳೆದಿಲ್ಲ.

ನನ್ನ ತಂಗಿಯ ವಿಷಯ ಹೇಳದೆ ನನಗೆ ಇದನ್ನು ಬರೆಯಲಾಗುವುದಿಲ್ಲ. ಅವಳಿಗೆ ಒಂಬತ್ತು ವರ್ಷ ಇದ್ದಾಗ ಟೈಪ್ 1 ಮಧುಮೇಹ ಬಂತು. ಎರಡು ವಾರದಲ್ಲಿ ಕಡ್ಡಿಯಂತಾಗಿದ್ದಳು. ಎಷ್ಟು ನೀರು ಕುಡಿದರೂ ದಾಹ, ರಾತ್ರಿಯೆಲ್ಲಾ ಎದ್ದೆದ್ದು ಕೂರುತ್ತಿದ್ದಳು. ಆಸ್ಪತ್ರೆಯಲ್ಲಿ ಇನ್ಸುಲಿನ್ ಶುರು ಮಾಡಿದ ಮೂರನೇ ದಿನ ಎದ್ದು ಕೂತು ನನ್ನ ಜೊತೆ ಜಗಳ ಆಡಿದಳು, ಆ ಜಗಳ ನೋಡಿ ಅಮ್ಮ ಅತ್ತುಬಿಟ್ಟರು. ಇದೇ ಕಾಯಿಲೆ 1920ರಲ್ಲಿ ಬಂದಿದ್ದರೆ ಏನಾಗುತ್ತಿತ್ತು? ಆಗ ಇಂಥ ಮಕ್ಕಳಿಗೆ ಊಟ ಕಡಿಮೆ ಮಾಡಿ ಇನ್ನೊಂದಿಷ್ಟು ದಿನ ಉಳಿಸುವುದೊಂದೇ ದಾರಿ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಆಗ ಅವನ ತೂಕ ಬರೀ 29 ಕೆಜಿ. ಅವನು ಮತ್ತೆ 13 ವರ್ಷ ಬದುಕಿದ. ನನ್ನ ತಂಗಿಗೆ ಈಗ 34, ಎರಡು ಮಕ್ಕಳ ತಾಯಿ. ಅವಳ ಕಾಯಿಲೆ ವಾಸಿಯಾಗಿಲ್ಲ, ನೋಡಿ. ದಿನಾ ರಿಪೇರಿ ಆಗುತ್ತಿದೆ, ಅಷ್ಟೇ. ಅಷ್ಟೇ ಸಾಕು.

ಅಮರತ್ವ ಅಂದರೆ ನನಗೆ ಇದೇ. ಒಂದೇ ದಿನ ಒಂದು ಗುಳಿಗೆ ಬಂದು ಎಲ್ಲ ಸರಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಮೊದಲ ರಿಪೇರಿಯಿಂದ ಇಪ್ಪತ್ತು ವರ್ಷ ಸಿಗಲಿ. ಆ ಇಪ್ಪತ್ತು ವರ್ಷದಲ್ಲಿ ಎರಡನೇ ರಿಪೇರಿ ಬರುತ್ತದೆ, ಅದು ಇನ್ನೂ ಮೂವತ್ತು ಕೊಡುತ್ತದೆ, ಅಷ್ಟರಲ್ಲಿ ಮೂರನೆಯದು ತಯಾರಾಗಿರುತ್ತದೆ. ಮೆದುಳಿಗೆ ಏನು ಮಾಡುತ್ತೀರಿ ಅಂತ ಕೇಳುವವರಿದ್ದಾರೆ. ಮೆದುಳೂ ಜೀವಕೋಶಗಳಿಂದಲೇ ಆಗಿದೆ, ಅದಕ್ಕೂ ದಾರಿ ಸಿಗುತ್ತದೆ.

ವಿರೋಧಿಸುವವರ ದೊಡ್ಡ ಮಾತು ಯಾವಾಗಲೂ ಒಂದೇ: ಸಾವಿದ್ದರೇ ಬದುಕಿಗೆ ಅರ್ಥ. ನನಗೆ ಈ ಮಾತು ಕೇಳಿದರೆ ನಿಜವಾಗಿ ಕೋಪ ಬರುತ್ತದೆ. ಆ ರಾತ್ರಿ ನನ್ನ ತಂಗಿಯ ಹಾಸಿಗೆ ಪಕ್ಕ ನಿಂತು ಇದನ್ನು ಯಾರಾದರೂ ಹೇಳುತ್ತಿದ್ದರಾ? ಒಂಬತ್ತಕ್ಕೆ ಸಾಯಬಾರದು ಅಂತಾದರೆ ತೊಂಬತ್ತಕ್ಕೆ ಯಾಕೆ ಸಾಯಬೇಕು? ಎಲ್ಲಿ ನಿಲ್ಲಿಸಬೇಕು ಅಂತ ಯಾರು ಹೇಳಬೇಕು? ಸೊನ್ನೆಗೆ ಮರಳುವ ವಿದ್ಯೆ ಹೆಚ್ಚುಕಮ್ಮಿ ಪ್ರತಿ ಜೀವಕೋಶದ ಡಿಎನ್‌ಎಯಲ್ಲೂ ಬರೆದಿಟ್ಟಿದೆ. ಅದನ್ನು ಓದುವುದಕ್ಕೆ ಶುರು ಮಾಡಿ ಇನ್ನೂ ನೂರು ವರ್ಷವೂ ಆಗಿಲ್ಲ.

ವಿರೋಧ: ಉಳಿಯುವುದು ಯಾರು?

ವಿರೋಧದ ಕಡೆ ಬರೆಯಿರಿ ಅಂತ ಕೇಳಿದರು, ಒಪ್ಪಿಕೊಂಡೆ. ನನ್ನ ಮನಸ್ಸು ಪೂರ್ತಿ ಈ ಕಡೆ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ವಿಜ್ಞಾನ ನಮ್ಮನ್ನು ಇನ್ನೂ ಜಾಸ್ತಿ ಕಾಲ ಬದುಕಿಸುತ್ತದೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಸಾವೇ ಇಲ್ಲದ ಹಾಗೆ ಮಾಡುತ್ತದಾ ಅನ್ನುವುದು ಬೇರೆ ಪ್ರಶ್ನೆ.

ಆಯಸ್ಸು ಏರುತ್ತಲೇ ಇದೆ, ಹೀಗೇ ಏರಿದರೆ ಒಂದು ದಿನ ಸಾವೇ ಇರುವುದಿಲ್ಲ ಅಂತ ಹೇಳುತ್ತಾರೆ. 1900ರ ಸುಮಾರಿಗೆ ಪ್ರಪಂಚದ ಸರಾಸರಿ ಆಯಸ್ಸು 32ರ ಆಸುಪಾಸು ಇತ್ತು, ಈಗ 70 ದಾಟಿದೆ, ನಿಜ. ಆದರೆ ಈ ಏರಿಕೆಯಲ್ಲಿ ದೊಡ್ಡ ಪಾಲು ಬಂದಿದ್ದು ಮಕ್ಕಳು ಸಾಯುವುದು ಕಡಿಮೆಯಾಗಿದ್ದರಿಂದ. ಶುದ್ಧ ನೀರು, ಲಸಿಕೆ, ಆಂಟಿಬಯಾಟಿಕ್ ಬಂದವು. ಮುಪ್ಪು ಇದ್ದಲ್ಲೇ ಇದೆ. ಎಲ್ಲರಿಗಿಂತ ಜಾಸ್ತಿ ಬದುಕಿದ್ದು ಫ್ರಾನ್ಸಿನ ಜೀನ್ ಕಾಲ್ಮಾ, 122 ವರ್ಷ 164 ದಿನ. ಅವರು ತೀರಿಕೊಂಡಿದ್ದು 1997ರಲ್ಲಿ. ಆಮೇಲೆ ಎಷ್ಟೊಂದು ಔಷಧಿಗಳು ಬಂದಿವೆ, ಆ ದಾಖಲೆಯನ್ನು ಇನ್ನೂ ಯಾರೂ ದಾಟಿಲ್ಲ. ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ಗೊಂಪರ್ಟ್ಸ್ 1825ರಲ್ಲೇ ಲೆಕ್ಕ ಹಾಕಿ, ಬೆಳೆದವರಲ್ಲಿ ಸಾಯುವ ಸಂಭವ ವಯಸ್ಸಿನ ಜೊತೆ ಪಟ್ಟು ಪಟ್ಟಾಗಿ ಏರುತ್ತದೆ ಅಂತ ತೋರಿಸಿದ್ದರು. ಸುಮಾರು ಎಂಟು ವರ್ಷಕ್ಕೊಮ್ಮೆ ಅದು ಎರಡರಷ್ಟಾಗುತ್ತದೆ. ಇನ್ನೂರು ವರ್ಷ ಆದರೂ ಆ ಗೆರೆ ಹೆಚ್ಚುಕಮ್ಮಿ ಹಾಗೇ ಇದೆ.

ಇನ್ನು ಜೀವಕೋಶಗಳ ವಿಷಯ. 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್, ನಮ್ಮ ಸಾಮಾನ್ಯ ಜೀವಕೋಶ ಸುಮಾರು ಐವತ್ತು ಸಲ ಒಡೆದು ಎರಡೆರಡಾಗಿ ಆಮೇಲೆ ನಿಲ್ಲುತ್ತದೆ ಅಂತ ತೋರಿಸಿದರು. ಆ ಮಿತಿಯನ್ನು ತೆಗೆದುಬಿಡಿ ಅಂದರೆ, ತೆಗೆದ ಜೀವಕೋಶಗಳು ಈಗಾಗಲೇ ಇವೆ. 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಅನ್ನುವ ಅಮೆರಿಕದ ಹೆಂಗಸಿನ ಗಡ್ಡೆಯಿಂದ ತೆಗೆದ ಜೀವಕೋಶಗಳು ಇವತ್ತಿಗೂ ಪ್ರಪಂಚದ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಲೇ ಇವೆ. ಅವು ಕ್ಯಾನ್ಸರ್ ಜೀವಕೋಶಗಳು. ಆಕೆ ಅದೇ ವರ್ಷ 31ನೇ ವಯಸ್ಸಿಗೆ ಅದೇ ಕ್ಯಾನ್ಸರಿನಿಂದ ತೀರಿಕೊಂಡರು. ಬೆಳೆದ ಮೇಲೂ ಮತ್ತೆ ಎಳೆಯ ಹಂತಕ್ಕೆ ಮರಳಬಲ್ಲ, ‘ಸಾಯದ’ ಅಂತ ಕರೆಯುವ ಜೆಲ್ಲಿ ಮೀನನ್ನು ತೋರಿಸುವವರೂ ಇದ್ದಾರೆ. ಜೆಲ್ಲಿ ಮೀನಿಗೆ ಮೆದುಳೇ ಇಲ್ಲ. ಅದರ ಹಾಗೆ ಬದುಕುವುದು ನಮಗೆ ಬೇಡ.

ಮೆದುಳು ಅಂದೆನಲ್ಲ, ಅದನ್ನು ಬರೆಯಲು ಹೊರಟರೆ ನನಗೆ ಅಜ್ಜಿ ನೆನಪಾಗುತ್ತಾರೆ. 78ನೇ ವಯಸ್ಸಿಗೆ ಅಜ್ಜಿಗೆ ಬಿಪಿ ಇಲ್ಲ, ಶುಗರ್ ಇಲ್ಲ. ನಲವತ್ತರವರ ಹೃದಯ ಇದ್ದ ಹಾಗಿದೆ ಅಂತ ಡಾಕ್ಟರ್ ಹೇಳಿದ್ದರು. ಆ ವರ್ಷವೇ ಮರೆವು ಶುರುವಾಯಿತು. ಮೊದಲು ಹೆಸರುಗಳು ಹೋದವು, ಆಮೇಲೆ ದಿನಗಳು. ಒಂದು ಸಂಜೆ ಕನ್ನಡಿ ಮುಂದೆ ನಿಂತು, ಒಳಗೆ ಯಾರೋ ಮುದುಕಿ ಬಂದಿದ್ದಾಳೆ, ಪಾಪ ಕೂರಿಸು ಅಂತ ನನಗೆ ಹೇಳಿದರು. ಅವರ ಲೆಕ್ಕದಲ್ಲಿ ಅವರಿಗೆ ಇಪ್ಪತ್ತು ವರ್ಷ. ನಾನು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರೆ ಸ್ವಲ್ಪ ಹೊತ್ತು ಸುಮ್ನೆ ಇದ್ದು, ನಿಮ್ಮ ಮನೆಯಲ್ಲಿ ಕಾಯ್ತಿರ್ತಾರೆ, ಹೊರಡಮ್ಮ ಅನ್ನುತ್ತಿದ್ದರು. ನನ್ನನ್ನು ಹೊತ್ತು ಬೆಳೆಸಿದ ಕೈ ಅದು. ಹೀಗೆ ಆರು ವರ್ಷ. ಆ ಆರು ವರ್ಷವೂ ನಾಡಿ ಗಟ್ಟಿಯಾಗಿತ್ತು, ರಕ್ತ ಪರೀಕ್ಷೆ ಮಾಡಿಸಿದಾಗೆಲ್ಲ ಎಲ್ಲವೂ ಸರಿ ಇದೆ ಅಂತ ಬರುತ್ತಿತ್ತು.

ಆಗ ಯಾರಾದರೂ ಬಂದು ನಿಮ್ಮ ಅಜ್ಜಿಯನ್ನು ಇನ್ನೂ ನೂರು ವರ್ಷ ಹೀಗೇ ಉಳಿಸುತ್ತೇವೆ ಅಂದಿದ್ದರೆ ನಾನು ಏನು ಹೇಳುತ್ತಿದ್ದೆ? ಎಷ್ಟೋ ಸಲ ಕೇಳಿಕೊಂಡಿದ್ದೇನೆ, ಉತ್ತರ ಸಿಕ್ಕಿಲ್ಲ. ಹಳೆಯ ಮೆದುಳಿನ ಜೀವಕೋಶ ತೆಗೆದು ಹೊಸದು ಹಾಕಬಹುದು ಅಂತಲೇ ಇಟ್ಟುಕೊಳ್ಳಿ. ಹೊಸ ಜೀವಕೋಶಕ್ಕೆ ನನ್ನ ಹೆಸರು ಗೊತ್ತಿರುವುದಿಲ್ಲ. ನೆನಪು ಇರುವುದು ಆ ಹಳೆಯ ಕೊಂಡಿಗಳಲ್ಲಿ. ಒಂದು ಪುಟ್ಟ ಹುಳುವಿನ 302 ನರಕೋಶಗಳು ಹೇಗೆ ಕೂಡಿಕೊಂಡಿವೆ ಅನ್ನುವ ಪೂರ್ತಿ ನಕ್ಷೆ 1986ರಲ್ಲೇ ಬಂತು. ಆ ಹುಳು ಮಾಡುವುದನ್ನೆಲ್ಲ ಕಂಪ್ಯೂಟರಿನಲ್ಲಿ ಪೂರ್ತಿಯಾಗಿ ಮಾಡಿಸಲು ಇವತ್ತಿಗೂ ಆಗಿಲ್ಲ. ಮನುಷ್ಯನ ಮೆದುಳಿನಲ್ಲಿ ಅಂಥ ನರಕೋಶಗಳು ಸುಮಾರು 8,600 ಕೋಟಿ.

ಇನ್ನೊಂದು ಲೆಕ್ಕ ಇದೆ, ಬೇಗ ಹೇಳಿ ಮುಗಿಸುತ್ತೇನೆ. ಮುಪ್ಪೇ ಇಲ್ಲ ಅಂತಿಟ್ಟುಕೊಳ್ಳಿ. ಅಪಘಾತ, ಸೋಂಕು, ಬೆಂಕಿ, ನೀರು ಎಲ್ಲ ಸೇರಿ ವರ್ಷಕ್ಕೆ ಸಾವಿರಕ್ಕೆ ಒಬ್ಬರು ಹೋಗುತ್ತಾರೆ ಅಂದುಕೊಂಡರೂ ಸುಮಾರು 700 ವರ್ಷದ ಹೊತ್ತಿಗೆ ಅರ್ಧ ಜನ ಉಳಿದಿರುವುದಿಲ್ಲ. ಅದು ಬಹಳ ದೀರ್ಘ ಆಯಸ್ಸು, ಖಂಡಿತ. ಆದರೆ ಅಮರತ್ವ ಅಲ್ಲ.

ನೂರೈವತ್ತರ ತನಕ ವಿಜ್ಞಾನ ನಮ್ಮನ್ನು ಒಯ್ಯಬಹುದು. ಹೋಗಲಿ ಅಂತಲೇ ನನಗೂ ಆಸೆ. ಅದಕ್ಕೆ ಮೊದಲು ಮರೆವಿನ ಕಾಯಿಲೆಗೆ ಒಂದು ಔಷಧಿ ಬರಲಿ. ಈಗಿರುವವು ಹೆಚ್ಚೆಂದರೆ ಅದನ್ನು ಸ್ವಲ್ಪ ನಿಧಾನ ಮಾಡುತ್ತವೆ.