ಆಡುವ ಹುಡುಗ ಓದಲ್ಲ ಅಂತ ಯಾರು ಹೇಳಿದ್ದು?

ಎಸ್‌ಎಸ್‌ಎಲ್‌ಸಿ ಮುಗಿಸಿ ಮಗ ಪಿಯುಸಿ ಸೈನ್ಸ್ ತಗೊಂಡ ಅಂದರೆ ನಮ್ಮ ಹಾಸನದ ಮನೆಗಳಲ್ಲಿ ಮೊದಲು ನಿಲ್ಲುವುದು ಆಟ. ಮೊಬೈಲ್ ಉಳಿಯುತ್ತದೆ, ಆನ್‌ಲೈನ್ ಟೆಸ್ಟ್‌ಗೆ ಬೇಕಲ್ಲ. ಆಟ ಮಾತ್ರ ಎರಡು ವರ್ಷ ಬಂದ್. "ನೀಟ್ ಮುಗೀಲಿ, ಆಮೇಲೆ ಎಷ್ಟು ಬೇಕಾದ್ರೂ ಆಡ್ಕೋ" ಅನ್ನುವ ಮಾತು ಎಲ್ಲ ಮನೆಯಲ್ಲೂ ಒಂದೇ. ಇದರ ಬಗ್ಗೆ ಬರೆಯಲೇಬೇಕು ಅನ್ನಿಸಿದ್ದು ಮೈರಾನ್ ರೋಲ್ ಅವರ ಬದುಕನ್ನು ಓದಿದ ಮೇಲೆ.

ರೋಲ್ ಅವರ ಅಪ್ಪ ಅಮ್ಮ ಬಹಾಮಾಸ್‌ನವರು. ಇವರು ಬೆಳೆದಿದ್ದು ಅಮೆರಿಕದಲ್ಲಿ. ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯ ಫುಟ್‌ಬಾಲ್ ತಂಡದಲ್ಲಿ ಸೇಫ್ಟಿ ಆಗಿದ್ದರು. ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರಲ್ಲ, ಆ ಫುಟ್‌ಬಾಲ್. ಸೇಫ್ಟಿ ಅಂದರೆ ಡಿಫೆನ್ಸ್‌ನಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವನು. ಅವನನ್ನು ದಾಟಿದರೆ ಮುಂದೆ ತಡೆಯುವವರೇ ಇಲ್ಲ. ಚಿಕ್ಕವರಿದ್ದಾಗ ಅಣ್ಣ ಕೊಟ್ಟ ಪುಸ್ತಕದಲ್ಲಿ ಮೆದುಳಿನ ಸರ್ಜನ್ ಬೆನ್ ಕಾರ್ಸನ್ ಅವರ ಕಥೆ ಓದಿದ್ದರು. ಅಲ್ಲಿಂದ ಮುಂದೆ ಆಟವೂ ಬೇಕು, ಸರ್ಜನ್ನೂ ಆಗಬೇಕು.

2008ರ ನವೆಂಬರ್ 22. ಅವತ್ತು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ರೋಡ್ಸ್ ಸ್ಕಾಲರ್‌ಶಿಪ್ ಇಂಟರ್‌ವ್ಯೂ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಯೂನಿವರ್ಸಿಟಿಯಲ್ಲಿ ಓದಲು ಇಡೀ ಅಮೆರಿಕದಿಂದ ವರ್ಷಕ್ಕೆ 32 ಜನರಿಗೆ ಸಿಗುವ ಅವಕಾಶ ಅದು. ಅದೇ ದಿನ ರಾತ್ರಿ ದೂರದ ಮೇರಿಲ್ಯಾಂಡ್‌ನಲ್ಲಿ ತಂಡದ ಮ್ಯಾಚ್. ಇಂಟರ್‌ವ್ಯೂ ಮುಗಿಯಿತು, ಹೆಸರು ಬಂತು. ವಿಮಾನ ಹತ್ತಿದರು. ಸ್ಟೇಡಿಯಂ ಮುಟ್ಟುವಷ್ಟರಲ್ಲಿ ಆಟದ ಎರಡನೇ ಕ್ವಾರ್ಟರ್ ನಡೀತಿತ್ತು. ಬಟ್ಟೆ ಬದಲಾಯಿಸಿ ಮೈದಾನಕ್ಕೆ ಇಳಿದೇ ಬಿಟ್ಟರು. ತಂಡ 37-3ರಿಂದ ಗೆದ್ದಿತು. ನಾನು ಇದನ್ನು ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಆ ವಿಮಾನದ ಹಿಂದೆ ಎಷ್ಟು ಜನರ ಒಪ್ಪಿಗೆ ಇದ್ದಿರಬೇಕು! ಇಂಟರ್‌ವ್ಯೂ ಮುಗಿಸಿ ಬಾ, ನಿನ್ನ ಜಾಗ ಇಲ್ಲೇ ಇರುತ್ತೆ ಅನ್ನುವ ಕೋಚ್ ಒಬ್ಬರು ಇರಬೇಕಲ್ವಾ?

ಆದರೆ ಎಲ್ಲರೂ ಹಾಗಿರಲಿಲ್ಲ. ಒಂದು ವರ್ಷ ಆಟ ಬಿಟ್ಟು ಆಕ್ಸ್‌ಫರ್ಡ್‌ಗೆ ಹೋಗಿ ಓದಿ ಬಂದರು. ವೃತ್ತಿಪರ ಲೀಗ್‌ಗೆ ಆಯ್ಕೆ ನಡೆಯುವಾಗ ಒಂದು ತಂಡದವರು, ನಿನ್ನ ಜೊತೆಗಾರರನ್ನು ಬಿಟ್ಟು ಹೋದೆಯಲ್ಲ, ಹೇಗನ್ನಿಸಿತು ಅಂತ ಕೇಳಿದರಂತೆ. ಇವನಿಗೆ ಓದು ಇದೆ, ಆಟದ ಮೇಲೆ ಮನಸ್ಸಿರಲ್ಲ ಅನ್ನುವ ಅನುಮಾನ. 2010ರಲ್ಲಿ ಟೆನೆಸ್ಸಿ ಟೈಟನ್ಸ್ ತಂಡ ಅವರನ್ನು ಆರಿಸಿಕೊಂಡಿದ್ದು 207ನೆಯವರಾಗಿ, ಅಂದರೆ ಬೇರೆ ಬೇರೆ ತಂಡಗಳು 206 ಜನರನ್ನು ಆರಿಸಿಕೊಂಡ ಮೇಲೆ.

ನನಗೆ ಇಲ್ಲೇ ನಮ್ಮೂರು ಕಂಡಿದ್ದು. ಅಲ್ಲಿ ಓದುವವನು ಆಡಲ್ಲ ಅಂದರು, ಇಲ್ಲಿ ಆಡುವವನು ಓದಲ್ಲ ಅನ್ನುತ್ತೇವೆ. ಎರಡರ ಮೇಲೂ ಪ್ರೀತಿ ಇಟ್ಟವರನ್ನು ನಂಬೋದೇ ಇಲ್ಲ.

ಲೀಗ್‌ನಲ್ಲಿ ರೋಲ್ ಒಂದೇ ಒಂದು ರೆಗ್ಯುಲರ್ ಸೀಸನ್ ಮ್ಯಾಚ್ ಆಡಲಿಲ್ಲ. ತಂಡದಿಂದ ಕೈಬಿಟ್ಟರು. ಮೆಡಿಕಲ್ ಕಾಲೇಜು ಸೇರಿದ್ದು ಅದಾದ ಮೇಲೆ. 2017ರಲ್ಲಿ ಡಾಕ್ಟರ್ ಪದವಿ ಸಿಕ್ಕಾಗ ವಯಸ್ಸು 30. ನಮ್ಮಲ್ಲಿ ಒಂದು ವರ್ಷ ಡ್ರಾಪ್ ತಗೊಂಡರೆ ಮಗಳನ್ನು ಮದುವೆಮನೆಗೂ ಕರೆದುಕೊಂಡು ಹೋಗೋದಿಲ್ಲ! ಅವರು ಅಲ್ಲಿಂದ ಬೋಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನ್ಯೂರೋಸರ್ಜರಿ ತರಬೇತಿಗೆ ಹೋದರು. ಅದು ಏಳು ವರ್ಷದ ದಾರಿ. ದಿನಕ್ಕೆ ಎರಡು ಪರ್ಸೆಂಟ್ ಸುಧಾರಿಸಿದರೆ ಸಾಕು ಅನ್ನುವ ಕಾಲೇಜು ಕೋಚ್‌ನ ಪಾಠವನ್ನೇ ಅಲ್ಲೂ ಇಟ್ಟುಕೊಂಡೆ ಅಂತ ಅವರು ಹೇಳುತ್ತಾರೆ. ಇವತ್ತು ಹೆಜ್ಜೆ ಇಡುವ ರೀತಿ, ನಾಳೆ ಇನ್ನೊಂದು. ಆಪರೇಷನ್ ಥಿಯೇಟರ್‌ನಲ್ಲೂ ಕೈ ಪಳಗುವುದು ಹಾಗೇ ತಾನೇ.

ಅಮೆರಿಕದ ಮಾತು ನಮಗ್ಯಾಕೆ ಅನ್ನುವವರಿಗೆ ನಮ್ಮದೇ ದೇಶದ ತಾಲಿಮೆರೆನ್ ಆವೊ ಇದ್ದಾರೆ. ನಾಗಾ ಬೆಟ್ಟದ ಚಾಂಗ್ಕಿ ಹಳ್ಳಿಯವರು. ಮಗ ಡಾಕ್ಟರ್ ಆಗಬೇಕು ಅನ್ನೋದು ತೀರಿಹೋದ ತಂದೆಯ ಆಸೆ. ಕಲ್ಕತ್ತಾದಲ್ಲಿ ಮೆಡಿಕಲ್ ಓದುತ್ತಲೇ ಮೋಹನ್ ಬಗಾನ್‌ಗೆ ಆಡಿದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡದ ನಾಯಕ ಅವರೇ. ಬಹಳಷ್ಟು ಆಟಗಾರರು ಬರಿಗಾಲಲ್ಲಿ ಆಡಿ, ಫ್ರಾನ್ಸ್ ಎದುರು 2-1ರಿಂದ ಸೋತರು. ಎರಡು ಪೆನಾಲ್ಟಿ ತಪ್ಪಿಹೋಗಿತ್ತು. ವಾಪಸ್ ಬಂದು ಎಂಬಿಬಿಎಸ್ ಮುಗಿಸಿದರು, ಕೊಹಿಮಾದ ಸಿವಿಲ್ ಆಸ್ಪತ್ರೆಯಲ್ಲಿ ಸಹಾಯಕ ಸರ್ಜನ್ ಆದರು, ಕೊನೆಗೆ ನಾಗಾಲ್ಯಾಂಡ್ ಆರೋಗ್ಯ ಇಲಾಖೆಯ ನಿರ್ದೇಶಕರೂ ಆದರು. ನಮ್ಮ ಅರಸೀಕೆರೆ ತಾಲ್ಲೂಕಿನ ಜಾವಗಲ್ ಹೆಸರನ್ನು ಲೋಕಕ್ಕೆಲ್ಲ ಕೇಳಿಸಿದ ಶ್ರೀನಾಥ್ ಕೂಡ ಇಂಜಿನಿಯರಿಂಗ್ ಓದಿದವರು. ಮರೆತುಬಿಟ್ಟಿದ್ದೀವಿ.

ನಮ್ಮ ಬೀದಿಯ ಹುಡುಗನೊಬ್ಬ ಈಗ ಸೆಕೆಂಡ್ ಪಿಯುಸಿ. ಒಳ್ಳೆ ಗೋಲ್‌ಕೀಪರ್. ಬೆಳಗ್ಗೆ ಎಂಟಕ್ಕೆ ಹೋದರೆ ಸಂಜೆ ಆರೂವರೆಗೆ ಬರುತ್ತಾನೆ, ಊಟ ಮಾಡಿ ಮತ್ತೆ ಪುಸ್ತಕ. ಅವನ ಗ್ಲೌಸ್ ಮೆಟ್ಟಿಲ ಕೆಳಗೆ ಒಂದು ಕವರ್‌ನಲ್ಲಿವೆ. ಅಂಗೈ ಕಡೆಯ ರಬ್ಬರ್ ಒಣಗಿ ಬಿರುಕು ಬಿಟ್ಟಿದೆ. ಮೊನ್ನೆ ಕೇಳಿದ್ದಕ್ಕೆ, "ಆಮೇಲೆ ಆಡು ಅಂತಾರೆ ಆಂಟಿ. ಯಾವಾಗ ಅಂತ ಮಾತ್ರ ಹೇಳಲ್ಲ" ಅಂದ. ದೂರೇನೂ ಇರಲಿಲ್ಲ ದನಿಯಲ್ಲಿ. ಅದೇ ಜಾಸ್ತಿ ಬೇಜಾರಾಗಿದ್ದು.

ಅಪ್ಪ ಅಮ್ಮಂದಿರ ಭಯ ಸುಳ್ಳಲ್ಲ. ನೀಟ್‌ನ 720 ಅಂಕದಲ್ಲಿ ನಾಲ್ಕು ಹೋದರೂ ರ‍್ಯಾಂಕ್ ಸಾವಿರಗಟ್ಟಲೆ ಕೆಳಗೆ ಇಳಿಯುತ್ತದೆ. ಸರ್ಕಾರಿ ಸೀಟು ತಪ್ಪಿದರೆ ಖಾಸಗಿ ಫೀಸು ಕಟ್ಟಲು ತೋಟ ಮಾರಬೇಕು. ಆಡಿದವರೆಲ್ಲ ರೋಲ್ ಆಗುತ್ತಾರೆ ಅಂತಲೂ ನಾನು ಹೇಳುತ್ತಿಲ್ಲ. ಕೇಳುತ್ತಿರುವುದು ಸಂಜೆ ಒಂದು ಗಂಟೆ. ಹನ್ನೆರಡು ಗಂಟೆ ಕೂತ ಮೈಗೆ, ಹದಿನೇಳರ ವಯಸ್ಸಿಗೆ, ಅದು ಬಹುಮಾನ ಅಲ್ಲ, ಊಟದ ಹಾಗೇ ದಿನಾ ಬೇಕಾದದ್ದು. ಹಾಸನಾಂಬ ಕ್ರೀಡಾಂಗಣ ಊರೊಳಗೇ ಇದೆ. ಎಷ್ಟೋ ಕಾಲೇಜುಗಳಿಗೆ ಸ್ವಂತ ಮೈದಾನವೂ ಇದೆ, ಅಲ್ಲಿ ಈಗ ಬಸ್ಸು ನಿಲ್ಲಿಸುತ್ತಾರೆ ಅಷ್ಟೇ.

ಮುಂದಿನ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಟೆಸ್ಟ್ ಮಾರ್ಕ್ಸ್ ಜೊತೆಗೆ ಇನ್ನೊಂದು ಕೇಳಿ: ಪಿಟಿ ಪೀರಿಯಡ್ ಟೈಮ್‌ಟೇಬಲ್‌ನಲ್ಲಿ ಬರೆದಿರುವುದಷ್ಟೇನಾ, ನಡೆಯುತ್ತಾ? ನಾವು ಮೂರ್ನಾಲ್ಕು ಮನೆಯವರು ಸೇರಿ ಒಂದು ಮನವಿ ಬರೆಯುತ್ತಿದ್ದೇವೆ. ಹಾಸನದವರು ಯಾರಾದರೂ ಸಹಿ ಹಾಕುವುದಾದರೆ ಮೆಸೇಜ್ ಮಾಡಿ.