ಚಳಿಗೆ ಅಲ್ಲ ಸ್ವಾಮಿ, ಮೋಡಕ್ಕೆ ಹೆದರೋದು

ನಿಮ್ಮ ಪೇಪರಲ್ಲಿ ಮುಂದಿನ ವಾರ ಚಳಿ ಜೋರಾಗತ್ತೆ ಅಂತ ಬರೆದಿದ್ದೀರ ಸರಿ, ಆದ್ರೆ 'ಕಾಫಿ ಬೆಳೆಗಾರರಲ್ಲಿ ಆತಂಕ' ಅನ್ನೋದನ್ನ ಯಾರನ್ನ ಕೇಳಿ ಹಾಕಿದ್ರೋ ಗೊತ್ತಾಗ್ಲಿಲ್ಲ. ನಮ್ದು ಮೂಡಿಗೆರೆ ಕಡೆ, ಅರೇಬಿಕಾ ಕಾಫಿ ಕುಯ್ಲು ನಡೀತಿದೆ, ಈ ಟೈಮಲ್ಲಿ ಆಕಾಶ ಕ್ಲಿಯರ್ ಆಗಿ ರಾತ್ರಿ ಎಷ್ಟು ಕೊರೆದ್ರೂ ಬೆಳಗ್ಗೆ ಮಂಜು ಕರಗಿದ್ಮೇಲೆ ಒಳ್ಳೆ ಬಿಸಿಲು ಬರತ್ತೆ, ಗಾಳಿನೂ ಒಣಗಿರತ್ತೆ, ಕಣದಲ್ಲಿ ಹರವಿದ ಪಾರ್ಚ್‌ಮೆಂಟು (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ) 10 ಪರ್ಸೆಂಟ್ ತೇವಕ್ಕೆ ಇಳಿಬೇಕಂದ್ರೆ ನಮಗೆ ಬೇಕಾಗಿರೋದೇ ಇಂಥ ಹವಾ. ಕೆಲಸದವರು ಬೆಳಗ್ಗೆ ಸ್ವಲ್ಪ ಲೇಟಾಗಿ ಬರ್ತಾರೆ, ಅಷ್ಟೇ ನಷ್ಟ.

ಭಯ ಇರೋದು ಬಂಗಾಳ ಕೊಲ್ಲಿಲಿ ವಾಯುಭಾರ ಕುಸಿತ ಆದಾಗ. ಆಗ ಮೋಡ ಮುಚ್ಕೊಂಡು ರಾತ್ರಿ ಟೆಂಪರೇಚರ್ ಏರತ್ತೆ, ಹಗಲು ಮಾತ್ರ ಥಂಡಿ, ಪೇಪರ್ನೋರು ಅದನ್ನೂ 'ಚಳಿ' ಅಂತಲೇ ಬರೀತಾರೆ, ಇತ್ತ ನಾವು ಟಾರ್ಪಾಲು ಹೊದಿಸೋದು ತೆಗೆಯೋದು ಮಾಡ್ತಾ ಇರೋದು, ಎರಡು ದಿನ ಹಿಂಗೇ ಆದ್ರೆ ಚೆರ್ರಿಗೆ (ಸಿಪ್ಪೆ ಸಮೇತ ಒಣಗಿಸೋ ಕಾಫಿ ಹಣ್ಣಿಗೆ) ಬೂಷ್ಟು. ಜನವರಿಲಿ ಮಳೆ ಬಿತ್ತಂದ್ರಂತೂ ಕುಯ್ಯದೇ ಇರೋ ರೋಬಸ್ಟಾ ಕಾಫಿ ಗಿಡದಲ್ಲೇ ಹೂವು ಬಂದು ಮುಂದಿನ ವರ್ಷದ ಫಸಲೂ ಕೆಟ್ಟೋಗತ್ತೆ.

ಇನ್ನೊಂದು, 'ಶೀತ ಅಲೆ' ಅಂತ ಹೆಡ್ಡಿಂಗ್ ಕೊಟ್ಟಿದ್ದೀರ. ಹವಾಮಾನ ಇಲಾಖೆ ಲೆಕ್ಕದಲ್ಲಿ ಬಯಲು ಸೀಮೆಗೆ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕಮ್ಮಿ ಇರಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದ್ರೂ ಇಳಿದಿರಬೇಕು. ನೀವೇ ಹಾಸನಕ್ಕೆ 13 ಅಂತ ಹಾಕಿದ್ದೀರ, ಅದು ಹೆಂಗೆ ಅಲೆ ಆಯ್ತು? ಅವರೆಕಾಯಿಗೆ ಒಳ್ಳೆ ಸೊಗಡು ಬರೋ ಚಳಿ ಇದು, ಆರಾಮಾಗಿರಿ. ಮುಂದಿನ ಸಲ ಡಿಗ್ರಿ ಜೊತೆ ಮೋಡ ಇರತ್ತೋ ಇಲ್ವೋ ಅದನ್ನೂ ಬರೀರಿ.