ಸಾರಿ, ಸ್ವಲ್ಪ ಆನೆ ಇತ್ತು

ನೆಪಗಳ ವಿಷಯದಲ್ಲಿ ಕೊಡಗಿನವರಷ್ಟು ಅನುಕೂಲಸ್ಥರು ಬೇರೆ ಕಡೆ ಸಿಗಲಿಕ್ಕಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಲೈನ್ ಮೇಲೆ ಮರ ಬಿತ್ತು, ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ರಸ್ತೆಗೆ ಗುಡ್ಡದ ಬರೆ ಜರಿದಿದೆ. ಮಳೆಗಾಲ ಕಳೆದರೆ ಕಾಫಿ ಕೊಯ್ಲು, ಆಳು ಸಿಗುವುದಿಲ್ಲ. ಕೊಯ್ಲು ಮುಗಿಯಿತೋ, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬರಲಿಲ್ಲ, ಸ್ಪ್ರಿಂಕ್ಲರ್ ಹಾಕಿಸಬೇಕು. ಇದ್ಯಾವುದೂ ಒದಗದ ದಿನ ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯವರಿಗೆ ಆನೆ ಇದ್ದೇ ಇದೆ. ಬೇರೆ ಊರಿನವರು ರಜೆ ಬೇಕೆಂದರೆ ಬದುಕಿರುವ ಅಜ್ಜಿಯನ್ನು ಸಾಯಿಸಬೇಕು. ನಮಗೆ ಆ ಪಾಪ ಸುತ್ತಿಕೊಳ್ಳುವುದಿಲ್ಲ, ಏಕೆಂದರೆ ನಾವು ಹೇಳುವುದೆಲ್ಲ ನಿಜ.

ಪೇಚು ಶುರುವಾಗುವುದು ಆ ನಿಜವನ್ನು ಇಂಗ್ಲಿಷಿಗೆ ಇಳಿಸುವಾಗ. ಅಣ್ಣ-ಅತ್ತಿಗೆ ಸಿದ್ದಾಪುರದ ಹತ್ತಿರ ತೋಟದ ಮನೆಯಲ್ಲೇ ಹೋಂಸ್ಟೇ ನಡೆಸುತ್ತಾರೆ. ಅಡುಗೆ ಅತ್ತಿಗೆಯದು, ಜೀಪು ಅಣ್ಣನದು, ಇಂಗ್ಲಿಷ್ ನನ್ನದು. ಒಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ಬೆಂಗಳೂರಿನ ಅತಿಥಿಗೆ, 'ಸಾರಿ ಸರ್, ರಸ್ತೆಯಲ್ಲಿ ಆನೆ ನಿಂತಿದೆ, ಜೀಪು ಬರುವುದು ತಡವಾಗುತ್ತದೆ' ಎಂದು ಇದ್ದದ್ದು ಇದ್ದ ಹಾಗೆ ಮೆಸೇಜ್ ಹಾಕಿದೆ. ಮೊದಲು ನಗುವ ಮುಖ ಬಂತು. ಹತ್ತು ನಿಮಿಷದ ಮೇಲೆ, ನಗದ ಮುಖ. ಊರಿಗೆ ಹೋದ ಮೇಲೆ ರಿವ್ಯೂನಲ್ಲಿ ಬರೆದರು: ಊಟ ಚೆನ್ನಾಗಿದೆ, ಆದರೆ ಮನೆಯವರು ಕತೆ ಕಟ್ಟುತ್ತಾರೆ.

ಇನ್ನೊಮ್ಮೆ ಅದೇ ತಿರುವು, ಬಹುಶಃ ಅದೇ ಆನೆ. ಆ ಸಲ ಬರೆದದ್ದು: 'ಡ್ಯೂ ಟು ಅನ್‌ಅವಾಯ್ಡಬಲ್ ಸರ್ಕಮ್‌ಸ್ಟೆನ್ಸಸ್, ದೇರ್ ವಿಲ್ ಬಿ ಎ ಸ್ಲೈಟ್ ಡಿಲೇ. ವಿ ರಿಗ್ರೆಟ್ ದಿ ಇನ್‌ಕನ್ವೀನಿಯೆನ್ಸ್.' ತಕ್ಷಣ ಉತ್ತರ ಬಂತು: 'ನೋ ಪ್ರಾಬ್ಲಂ, ಟೇಕ್ ಯುವರ್ ಟೈಮ್.' ಅತ್ತ ಆ ಅನ್‌ಅವಾಯ್ಡಬಲ್ ಸರ್ಕಮ್‌ಸ್ಟೆನ್ಸು ಯಾರದೋ ತೋಟದ ಹಲಸಿನ ಹಣ್ಣನ್ನು ಕಾಲಲ್ಲಿ ಒಡೆದು ನಿಧಾನವಾಗಿ ತಿನ್ನುತ್ತಿತ್ತು. ಅಣ್ಣ ಲೈಟ್ ಆರಿಸಿ ಸ್ಟಿಯರಿಂಗ್ ಹಿಡಿದು ಉಸಿರು ಬಿಗಿಹಿಡಿದಿದ್ದ. 'ಐ ಆಮ್ ಅಫ್ರೇಡ್' ಎಂದು ಇಂಗ್ಲಿಷಿನವರು ಬಿಸಿನೀರಿಲ್ಲ ಎನ್ನುವುದಕ್ಕೂ, ಸಾಹೇಬರು ಸೀಟಿನಲ್ಲಿಲ್ಲ ಎನ್ನುವುದಕ್ಕೂ ಬಳಸುತ್ತಾರೆ. ಅದನ್ನು ನಿಜಕ್ಕೂ ಹೆದರಿಕೊಂಡು ಹೇಳುವ ಯೋಗ್ಯತೆ ಇದ್ದದ್ದು ಅಣ್ಣನೊಬ್ಬನಿಗೇ.

ಇಂಗ್ಲಿಷಿನ ನೆಪಕ್ಕೆ ವಿವರ ಕಡಿಮೆಯಾದಷ್ಟೂ ಮರ್ಯಾದೆ ಹೆಚ್ಚು. 'ಸಮ್‌ಥಿಂಗ್ ಕೇಮ್ ಅಪ್' ಎಂದರೆ ಮುಗಿಯಿತು, ಏನು ಬಂತು ಎಂದು ಕೇಳುವುದೇ ಅಸಭ್ಯ. ನಮ್ಮಲ್ಲಿ 'ಏನೋ ಕೆಲಸ ಬಂತು' ಎಂದು ನೋಡಿ. ಏನು ಕೆಲಸ? ಯಾರ ಮನೆಯಲ್ಲಿ? ಅವರ ಮಗಳಿಗೆ ಗಂಡು ಗೊತ್ತಾಯಿತಾ? ನೆಪ ಹೇಳಿದವನು ತಪ್ಪಿಸಿಕೊಳ್ಳುವ ಹೊತ್ತಿಗೆ, ತಪ್ಪಿಸಿಕೊಳ್ಳಬೇಕೆಂದಿದ್ದ ಕೆಲಸವನ್ನೇ ಮಾಡಿ ಮುಗಿಸಬಹುದಿತ್ತು.

ಪಕ್ಕದ ತೋಟದ ಸುಬೇದಾರ್ ಮಾವನ ಪ್ರಕಾರ ನಯವಾದ ಇಂಗ್ಲಿಷ್ ಉಳಿದಿರುವುದು ಸೈನ್ಯದಲ್ಲಿ ಮಾತ್ರ. 'ವಿತ್ ಡ್ಯೂ ರೆಸ್ಪೆಕ್ಟ್, ಸರ್' ಎಂದು ಯಾರಾದರೂ ಶುರುಮಾಡಿದರೆ, ರೆಸ್ಪೆಕ್ಟ್ ಆ ಮೂರು ಪದದಲ್ಲೇ ಖರ್ಚಾಯಿತು, ಮುಂದೆ ಬರುವುದು ಬರೀ ಗುಂಡು ಅಂತ ತಿಳಿಯಬೇಕಂತೆ. ರಜೆಗೆ ಅವರ ಕಾಲದಲ್ಲಿ ಟೆಲಿಗ್ರಾಂ. 'ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮಿಡಿಯೆಟ್ಲಿ.' ನಮ್ಮ ಸುಗ್ಗಿಹಬ್ಬ ಹುತ್ತರಿ ಹತ್ತಿರವಾದಂತೆ ಕೊಡಗಿನ ತಾಯಂದಿರೆಲ್ಲ ಒಟ್ಟಿಗೆ ಹಾಸಿಗೆ ಹಿಡಿಯುತ್ತಿದ್ದರು. "ಕಮಾಂಡಿಂಗ್ ಆಫೀಸರೂ ನಮ್ಮ ಕಡೆಯವರೇ ಆಗಿಬಿಟ್ಟರೆ ಕಷ್ಟ ನೋಡು, ಅವರಿಗೂ ಹುತ್ತರಿ ತಾರೀಖು ಗೊತ್ತಿರುತ್ತಿತ್ತು" ಎನ್ನುತ್ತಾರೆ ಮಾವ. 2013ರ ಜುಲೈನಲ್ಲಿ ಟೆಲಿಗ್ರಾಂ ಸೇವೆ ನಿಂತಿತು. ದೇಶದಾದ್ಯಂತ ತಾಯಂದಿರ ಆರೋಗ್ಯ ಒಂದೇ ದಿನದಲ್ಲಿ ಸುಧಾರಿಸಿರಬೇಕು.

ನಮ್ಮ ಜಿಲ್ಲೆ ಕಂಡ ಅತಿ ನಯವಾದ ನೆಪ ಮಾತ್ರ ಇದಕ್ಕಿಂತ ಬಹಳ ಹಳೆಯದು, 1834ರದು. ಈಸ್ಟ್ ಇಂಡಿಯಾ ಕಂಪನಿಯವರು ಸೈನ್ಯ ನುಗ್ಗಿಸಿ, ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ, ಮಡಿಕೇರಿ ಕೋಟೆ ಹಿಡಿದರು. ಆಮೇಲೆ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿ, ಬ್ರಿಟಿಷರ ಆಶ್ರಯಕ್ಕೆ ಬರಬೇಕೆಂಬುದು ಕೊಡಗಿನ ಜನರದೇ ಸರ್ವಾನುಮತದ ಇಚ್ಛೆ ಎಂದಿತ್ತು. ಬಾಗಿಲು ಮುರಿದು ಒಳಗೆ ಬಂದ ನೆಂಟ, 'ನೀವೇ ಅಷ್ಟು ಒತ್ತಾಯ ಮಾಡಿದ್ದಕ್ಕೆ ಬಂದೆ' ಎಂದ ಹಾಗೆ. ಆ ನೆಂಟ 113 ವರ್ಷ ಉಳಿದ. ಅಂಥವರ ಭಾಷೆಯಲ್ಲಿ ನಾನು ಆನೆಯ ಬಗ್ಗೆ ನೆಪ ಬರೆಯಲು ಹೊರಟಿದ್ದೇನೆ.

ಕಳೆದ ಮಳೆಗಾಲದಲ್ಲಿ ಆ ಭಾಷೆಯ ಮೂಲ ಹಕ್ಕುದಾರರೇ ಬಂದರು, ಇಂಗ್ಲೆಂಡಿನ ವಯಸ್ಸಾದ ದಂಪತಿ. ರಾತ್ರಿ ಜಗಲಿಯಲ್ಲಿ ಊಟ, ಮೇಲೆ ಶೀಟಿನ ಮೇಲೆ ಮಳೆ. ಅಣ್ಣ ಕಾಡುಹಂದಿ ಅಟ್ಟಿಸಿಕೊಂಡು ಬಂದ ಕತೆ ಶುರುಮಾಡಿದ್ದ. ಆಕೆ ಒಂದು ಬೆರಳು ಎತ್ತಿದರು, ಇಳಿಸಿದರು. ಮತ್ತೆ ಎತ್ತಿದರು. ಅವರ ಕಡೆ ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕಬೇಕಾದರೆ ಮಾತಿಗೊಂದು ಸಂದು ಸಿಗುವವರೆಗೆ ಕಾಯಬೇಕು. ಅಣ್ಣನ ಕತೆಯಲ್ಲಿ ಸಂದು ಇರುವುದಿಲ್ಲ. ನಮ್ಮ ಮನೆಯಲ್ಲಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದವನ ಸರದಿ ಹೋಯಿತೆಂದೇ ಲೆಕ್ಕ, ಆದ್ದರಿಂದ ಯಾರೂ ನಿಲ್ಲಿಸುವುದಿಲ್ಲ.

ಹಂದಿ ಎರಡು ತೋಟ, ಒಂದು ಹೊಳೆ ದಾಟಿತು. ಕೊನೆಗೆ ಅಣ್ಣನಿಗೆ ಕೆಮ್ಮು ಬಂತು. ಆಗ ಆಕೆ, 'ಐ ಆಮ್ ಟೆರಿಬ್ಲಿ ಸಾರಿ ಟು ಇಂಟರಪ್ಟ್, ಬಟ್ ಐ ಥಿಂಕ್ ದೇರ್ ಮೈಟ್ ಬಿ ಸಮ್‌ಥಿಂಗ್ ಆನ್ ಮೈ ಲೆಗ್' ಎಂದರು. ಇರಬಹುದು ಅಂತ ಅನುಮಾನವಂತೆ! ಸಂಜೆ ತೋಟದಲ್ಲಿ ಹತ್ತಿದ ಜಿಗಣೆ ಸಾಕ್ಸಿನ ಮೇಲ್ಗಡೆ ಕೂತು, ಹೊಟ್ಟೆ ತುಂಬಿ, ಗುಂಡಗಾಗಿ, ಅತ್ತಿಗೆ ಉಪ್ಪು ತರುವಷ್ಟರಲ್ಲಿ ತಾನೇ ಕಳಚಿಕೊಂಡು ನೆಲಕ್ಕೆ ಬಿತ್ತು. ಸಾರಿಯೂ ಇಲ್ಲ, ಥ್ಯಾಂಕ್ಸೂ ಇಲ್ಲ. ಜಿಗಣೆ ಕಚ್ಚುವಾಗ ಹಿರುಡಿನ್‌ನಂಥ ಪದಾರ್ಥವೊಂದನ್ನು ಬಿಡುತ್ತದಲ್ಲ, ಅದರಿಂದ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಕಾಲಿನಿಂದ ಇಳಿಯುತ್ತಲೇ ಇತ್ತು. ಆಕೆ ನೆಲ ಕೊಳೆಯಾಯಿತೆಂದು ಮತ್ತೆ ಸಾರಿ ಕೇಳಿದರು.

"ಕಚ್ಚಿದ್ದು ಜಿಗಣೆ, ಕತೆ ಹೊಡೆದದ್ದು ನಿಮ್ಮಣ್ಣ. ಇವರ್ಯಾಕೆ ಸಾರಿ ಕೇಳ್ತಾರೆ?" ಎಂದು ಅತ್ತಿಗೆ ನನ್ನನ್ನು ಕೇಳಿದರು.

ಅದು ಅವರ ಉಸಿರಾಟದ ಭಾಗ ಅತ್ತಿಗೆ, ಎಂದೆ. ಕೆನಡಾದ ಒಂಟಾರಿಯೋದಲ್ಲಿ 2009ರಲ್ಲಿ ಅಪಾಲಜಿ ಆಕ್ಟ್ ಅಂತ ಒಂದು ಕಾನೂನೇ ಬಂದಿದೆ, ಸಾರಿ ಎಂದ ಮಾತ್ರಕ್ಕೆ ಸಿವಿಲ್ ಕೇಸಿನಲ್ಲಿ ತಪ್ಪು ಒಪ್ಪಿಕೊಂಡ ಹಾಗಲ್ಲ ಎಂದು. ಇಂಗ್ಲೆಂಡಿನಲ್ಲೂ 2006ರ ಕಾಂಪೆನ್ಸೇಶನ್ ಆಕ್ಟ್ ಸರಿಸುಮಾರು ಅದನ್ನೇ ಹೇಳುತ್ತದೆ. "ಅಂದರೆ ಎಷ್ಟು ಬೇಕಾದರೂ ಕೇಳಬಹುದು, ಒಂದಕ್ಕೂ ಬೆಲೆ ಇಲ್ಲ" ಎಂದರು ಸುಬೇದಾರ್ ಮಾವ, ಪಂದಿಕರಿಯಿಂದ ತಲೆ ಎತ್ತದೆ.

ಆಕೆಯ ಯಜಮಾನರಿಗೆ ಕಿವಿ ಸ್ವಲ್ಪ ಮಂದ. ಮಳೆ ಬೇರೆ ಜೋರಾಯಿತು. ಅತ್ತಿಗೆ ಅಕ್ಕಿ ತರಿಯ ಉಂಡೆ, ಅಂದರೆ ಕಡಂಬುಟ್ಟಿನ ಪಾತ್ರೆ ಹಿಡಿದು, "ಒನ್ ಮೋರ್, ಸರ್?" ಎಂದರು.

"ಸಾರಿ?" ಎಂದರು ಅವರು, ಕೇಳಿಸಲಿಲ್ಲ ಎಂಬರ್ಥದಲ್ಲಿ.

ಕಡಿಮೆ ತಿಂದದ್ದಕ್ಕೆ ಕ್ಷಮೆ ಕೇಳುತ್ತಿದ್ದಾರೆಂದು ಅತ್ತಿಗೆಗೆ ಕರುಳು ಚುರ್ ಎಂದಿತು. "ಅಯ್ಯೋ, ಪರ್ವಾಗಿಲ್ಲ ಸರ್, ನಾಚ್ಕೋಬೇಡಿ" ಎಂದು ಎರಡು ಉಂಡೆ ಹಾಕಿದರು.

"ಸಾರಿ?"

"ಪರ್ವಾಗಿಲ್ಲ!" ಇನ್ನೆರಡು.

ನಾನು ನಡುವೆ ಬಂದು ವಿವರಿಸಬಹುದಿತ್ತು. ಆದರೆ ಅಷ್ಟರಲ್ಲಿ ಅಣ್ಣ ಹಂದಿಯನ್ನು ಮತ್ತೆ ಬಿಟ್ಟಿದ್ದ. ಮಾರನೆಯ ದಿನ ತಿಂಡಿಯ ಹೊತ್ತಿಗೆ ಅತ್ತಿಗೆ "ಗುಡ್ ಮಾರ್ನಿಂಗ್" ಎಂದರೂ ಆ ಯಜಮಾನರು ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದೇ ಉತ್ತರ ಕೊಟ್ಟರು.